ವಸಡಿನಲ್ಲಿ ರಕ್ತ ಕಂಡರೆ ನೋವು ಬರುವ ತನಕ ಕಾಯಬೇಡಿ



ಬತ್ತೇರಿ, ಮಾನಂತವಾಡಿ, ಪುಲ್ಪಳ್ಳಿ ಕಡೆಯವರಿಗೂ, ಗಡಿಯಾಚೆಯ ಗುಂಡ್ಲುಪೇಟೆ, ಬೈರಕುಪ್ಪೆ ಕಡೆಯವರಿಗೂ ಸಮಾನವಾಗಿ ಅನ್ವಯಿಸುವ ವಿಷಯವೊಂದನ್ನು ಈ ಸಲ ಎತ್ತಿಕೊಂಡಿದ್ದೇವೆ. ಅದು ವಸಡಿನ ರೋಗ. ಹಲ್ಲು ಹುಳುಕಾದರೆ ನೋವೇ ನಮ್ಮನ್ನು ವೈದ್ಯರ ಬಳಿಗೆ ಓಡಿಸುತ್ತದೆ. ವಸಡಿನ ರೋಗ ಹಾಗಲ್ಲ. ವರ್ಷಗಟ್ಟಲೆ ನೋವಿಲ್ಲದೆ ಒಳಗೊಳಗೇ ನಡೆದು, ಹಲ್ಲು ಅಲುಗಾಡಿದಾಗಲೇ ಹೆಚ್ಚಿನವರಿಗೆ ತಿಳಿಯುತ್ತದೆ. ಆಗ "ವಯಸ್ಸಾಯಿತು, ಹಲ್ಲು ಹೋಯಿತು" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ವಯಸ್ಸೊಂದೇ ಹಲ್ಲನ್ನು ಉದುರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ತೀವ್ರ ವಸಡಿನ ರೋಗವಿದೆ.

ರೋಗ ಬರುವ ಬಗೆ

ಊಟದ ನಂತರ ಹಲ್ಲಿನ ಬುಡದಲ್ಲಿ ಅಂಟಂಟಾದ ತೆಳು ಪದರ ಕಟ್ಟುತ್ತದೆ. ಅದರಲ್ಲಿ ರೋಗಾಣುಗಳಿರುತ್ತವೆ. ದಿನವೂ ತೆಗೆಯದಿದ್ದರೆ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಪಾಚಿಗಲ್ಲಾಗುತ್ತದೆ. ಪಾಚಿಗಲ್ಲು ಬ್ರಷ್ಷಿಗೆ ಬಗ್ಗುವುದಿಲ್ಲ.

ಮೊದಲ ಹಂತದಲ್ಲಿ ವಸಡು ಕೆಂಪಾಗಿ ಊದುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಎಚ್ಚೆತ್ತರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಬಿಟ್ಟರೆ ವಸಡು ಹಲ್ಲಿನಿಂದ ಬಿಡಿಸಿಕೊಂಡು ಸಂದು ಆಳವಾಗುತ್ತದೆ. ಸಾಮಾನ್ಯವಾಗಿ 3 ಮಿ.ಮೀ. ಒಳಗಿರಬೇಕಾದ ಸಂದು 5, 6 ಮಿ.ಮೀ. ಆದರೆ ಹಲ್ಲನ್ನು ಹಿಡಿದ ಮೂಳೆ ಕರಗತೊಡಗಿದೆ ಎಂದು ಅರ್ಥ. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಚಿಕಿತ್ಸೆಯಿಂದ ಇದ್ದದ್ದನ್ನು ಉಳಿಸಿಕೊಳ್ಳಬಹುದು.

ಎಲೆ ಅಡಿಕೆಯ ವಿಚಾರ

ನಮ್ಮ ಕಡೆ ಮದುವೆಯಿರಲಿ, ಮಾತುಕತೆಯಿರಲಿ, ತಾಂಬೂಲವಿಲ್ಲದೆ ಆಗುವುದಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳಬೇಕು. ತಂಬಾಕಿನಿಂದ ವಸಡಿನ ರಕ್ತನಾಳಗಳು ಕುಗ್ಗುತ್ತವೆ. ಹಾಗಾಗಿ ರೋಗವಿದ್ದರೂ ರಕ್ತ ಕಡಿಮೆ ಕಾಣುತ್ತದೆ. ಹೊಗೆಸೊಪ್ಪು ಹಾಕುವವರಿಗೆ, ಬೀಡಿ ಸೇದುವವರಿಗೆ ರೋಗದ ಮೊದಲ ಎಚ್ಚರಿಕೆಯೇ ತಪ್ಪಿಹೋಗಬಹುದು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಅಪಾಯ ತಪ್ಪದು. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿವೆ. ಬಾಯಲ್ಲಿ ಬಿಳಿ ಮಚ್ಚೆ ಕಂಡರೆ, ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಬಾಯಿ ತೆರೆಯಲು ಬಿಗಿಯಾದರೆ ತಡಮಾಡದೆ ತೋರಿಸಿ.

ಸಕ್ಕರೆ ಕಾಯಿಲೆ ಇದ್ದವರಿಗೆ

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ರಕ್ತದೊತ್ತಡದ ಅಮ್ಲೋಡಿಪಿನ್‌ನಂಥ ಕೆಲವು ಮಾತ್ರೆಗಳಿಂದಲೂ ವಸಡು ಊದುವುದುಂಟು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಮಾಡಬೇಕಾದ್ದು

1. ದಿನಕ್ಕೆ ಎರಡು ಸಲ, ಎರಡು ನಿಮಿಷ, ಮೃದುವಾದ ಬ್ರಷ್ಷಿನಿಂದ ಉಜ್ಜಿ. ರಾತ್ರಿಯದನ್ನು ತಪ್ಪಿಸಬೇಡಿ.
2. ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವಲ್ಲಿ ಓರೆಯಾಗಿ ಹಿಡಿಯಿರಿ. ರಕ್ತ ಬರುತ್ತದೆಂದು ಆ ಜಾಗ ಬಿಡಬೇಡಿ.
3. ಹಲ್ಲುಗಳ ಸಂದಿಗೆ ದಾರ ಅಥವಾ ಚಿಕ್ಕ ಬ್ರಷ್ ಬಳಸಿ. ಗುಂಡುಸೂಜಿ, ಬೆಂಕಿಕಡ್ಡಿ ಬೇಡ.
4. ಇದ್ದಿಲು, ಉಮಿಕರಿ, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಬಿಡುವುದೇ ಒಳ್ಳೆಯದು.
5. ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸುತ್ತದೆ, ಆದರೆ ಪಾಚಿಗಲ್ಲು ಕರಗದು.

ಚಿಕಿತ್ಸೆ

ಪಾಚಿಗಲ್ಲು ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಇದು ಸರಿಯಲ್ಲ. ಸಂದಿಯಲ್ಲಿ ತುಂಬಿದ್ದ ಕಲ್ಲು ಹೋದಾಗ ಖಾಲಿ ಅನಿಸುತ್ತದೆ, ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುತ್ತದೆ, ಅಷ್ಟೆ. ರೋಗ ಆಳಕ್ಕಿಳಿದಿದ್ದರೆ ಬೇರಿನವರೆಗೆ ಸ್ವಚ್ಛ ಮಾಡಲು ಎರಡು ಮೂರು ಸಲ ಹೋಗಬೇಕಾದೀತು, ಕೆಲವರಿಗೆ ಚಿಕ್ಕ ಶಸ್ತ್ರಚಿಕಿತ್ಸೆಯೂ ಬೇಕಾದೀತು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಚಿಕಿತ್ಸೆಗೆಂದು ಮೈಸೂರಿಗೆ ಹೋಗುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ನೆನಪಿಟ್ಟು ಸಮಯ ಗೊತ್ತುಮಾಡಿಕೊಳ್ಳಿ.

ಇಲ್ಲಿನ ಆಸ್ಪತ್ರೆಯಲ್ಲಿ ಭಾಷೆಯ ತೊಡಕಿನಿಂದ ಹಿರಿಯರು ಹಿಂಜರಿಯುವುದು ನಮಗೆ ಗೊತ್ತಿದೆ. ಮಲಯಾಳದಲ್ಲಿ ವಸಡಿಗೆ 'ಮೋಣ', ರಕ್ತಕ್ಕೆ 'ಚೋರ', ಹಲ್ಲಿಗೆ 'ಪಲ್ಲ್' ಎನ್ನುತ್ತಾರೆ. 'ಮೋಣಯಿಲ್ ನಿನ್ನ್ ಚೋರ ವರುನ್ನು' ಎಂದರೆ ವಸಡಿನಿಂದ ರಕ್ತ ಬರುತ್ತದೆ ಎಂದು. 'ಷುಗರ್ ಉಂಡ್' ಎಂದರೆ ಸಕ್ಕರೆ ಕಾಯಿಲೆ ಇದೆ ಎಂದು. ಇಷ್ಟು ಹೇಳಿದರೂ ಕೆಲಸ ನಡೆಯುತ್ತದೆ.

ಹಲ್ಲು ಪೂರ್ತಿ ಕಳೆದುಕೊಂಡ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲೆಂದು ಕೇರಳ 'ಮಂದಹಾಸಂ', ಕರ್ನಾಟಕ 'ದಂತ ಭಾಗ್ಯ' ಯೋಜನೆಗಳನ್ನು ತಂದಿವೆ. ಅಗತ್ಯವಿದ್ದವರು ಈಗಿನ ನಿಯಮಗಳನ್ನು ವಿಚಾರಿಸಿಕೊಳ್ಳಿ. ಆದರೆ ಕಟ್ಟಿಸಿದ ಹಲ್ಲು ಸ್ವಂತ ಹಲ್ಲಿಗೆ ಸಮವಲ್ಲ. ಇಂದು ರಾತ್ರಿ ಹಲ್ಲುಜ್ಜಿ ಉಗುಳುವಾಗ ಒಮ್ಮೆ ಗಮನಿಸಿ. ಕೆಂಪು ಕಂಡರೆ ಈ ವಾರವೇ ದಂತವೈದ್ಯರಿಗೆ ತೋರಿಸಿ. ಕಾಣದಿದ್ದರೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಭಾಷೆಗಾಗಿ ಜೊತೆಗೊಬ್ಬರು ಬೇಕೆನಿಸಿದರೆ ಸಂಘಕ್ಕೆ ತಿಳಿಸಿ, ವ್ಯವಸ್ಥೆ ಮಾಡಲು ಪ್ರಯತ್ನಿಸುತ್ತೇವೆ.

— ಕಾರ್ಯದರ್ಶಿ, ಸಂಘದ ಪರವಾಗಿ