ಪಾವಗಡದ ಬಸ್ಸಿನಲ್ಲಿ ಹಲ್ಲಿನ ಪಾರ್ಸಲ್

ಪಾವಗಡದ ನಿಲ್ದಾಣದಿಂದ ಬೆಂಗಳೂರಿನ ಬಸ್ಸು ಹೊರಡುವ ಹೊತ್ತಾಗಿತ್ತು. ಹುಡುಗಿಯೊಬ್ಬಳು ಅವಸರದಲ್ಲಿ ಬಂದು ಅಂಗೈಯಗಲದ ರಟ್ಟಿನ ಪೆಟ್ಟಿಗೆಯೊಂದನ್ನು ಪಾರ್ಸಲ್‌ಗೆ ಕೊಟ್ಟಳು. ಮೇಲೆ ಕೆಂಪು ಶಾಯಿಯಲ್ಲಿ ‘ಮೇಲೆ ಏನೂ ಇಡಬೇಡಿ’ ಎಂದು ಬರೆದಿತ್ತು. ಒಳಗೇನಮ್ಮಾ ಎಂದು ಕೇಳಿದೆ. ‘ಹಲ್ಲು ಸರ್’ ಎಂದಳು. ಮೂವರ ಬಾಯಿಂದ ತೆಗೆದ ಅಚ್ಚುಗಳು ರಾತ್ರಿಯೊಳಗೆ ಬೆಂಗಳೂರಿನ ಡೆಂಟಲ್ ಲ್ಯಾಬ್ ಸೇರಬೇಕು. ನಾಲ್ಕೈದು ದಿನ ಬಿಟ್ಟು ಇದೇ ದಾರಿಯಲ್ಲಿ ಪಿಂಗಾಣಿ ಹಲ್ಲುಗಳು ಬರುತ್ತವೆ. ನಾನು ಪಾವಗಡಕ್ಕೆ ಹೋದದ್ದು ಬೇರೆ ಕೆಲಸಕ್ಕೆ. ಆ ಕೆಲಸ ಅಲ್ಲೇ ಉಳಿಯಿತು, ನಾನು ಹುಡುಗಿಯ ಹಿಂದೆ ಕ್ಲಿನಿಕ್ಕಿಗೆ ನಡೆದೆ.

ಒಂದೇ ಕುರ್ಚಿಯ ಕ್ಲಿನಿಕ್. ವೈದ್ಯೆ ದಾವಣಗೆರೆಯಲ್ಲಿ ಬಿಡಿಎಸ್ ಓದಿದವರು. ಬೆಂಗಳೂರಿನಲ್ಲಿ ಕೆಲವು ವರ್ಷ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ದುಡಿದು, ಆಮೇಲೆ ಇಲ್ಲಿಗೆ ಬಂದು ಬೋರ್ಡು ಹಾಕಿದ್ದಾರೆ. ಹೆಸರು ಬರೆಯಬೇಡಿ ಎಂದರು, ಆದರೆ ಲೆಕ್ಕದ ಪುಸ್ತಕವನ್ನು ಸಂಕೋಚವಿಲ್ಲದೆ ಬಿಚ್ಚಿಟ್ಟರು. ಹಲ್ಲಿನ ವೈದ್ಯರ ಗಳಿಕೆಯ ಬಗ್ಗೆ ಎಷ್ಟೋ ವರದಿ ಓದಿದ್ದೇನೆ. ಆ ಪುಸ್ತಕದಷ್ಟು ಸ್ಪಷ್ಟವಾಗಿ ಯಾವುದೂ ಹೇಳಿರಲಿಲ್ಲ.

ಅವರದೇ ಒಂದು ಅಳತೆಗೋಲಿದೆ: ತಿಂಗಳ ಬಾಡಿಗೆ ಕಟ್ಟಲು ಎಷ್ಟು ರೂಟ್ ಕೆನಾಲ್ ಮಾಡಬೇಕು? ಇಲ್ಲಿ ಅಂಗಡಿ ಬಾಡಿಗೆ 9 ಸಾವಿರ, ಒಂದು ರೂಟ್ ಕೆನಾಲ್‌ಗೆ 3 ಸಾವಿರ. ಅಂದರೆ ಮೂರು. ಬೆಂಗಳೂರಿನ ವಿಜಯನಗರದಲ್ಲಿ ಅವರ ಸಹಪಾಠಿ ಇಷ್ಟೇ ಜಾಗಕ್ಕೆ 55 ಸಾವಿರ ಕೊಡುತ್ತಾರೆ, ರೂಟ್ ಕೆನಾಲ್‌ಗೆ 6 ಸಾವಿರ ತೆಗೆದುಕೊಳ್ಳುತ್ತಾರೆ. ಒಂಬತ್ತು ಮಾಡಿದರೂ ಬಾಡಿಗೆಗೆ ಸಾಲದು. ‘ನನ್ನ ಬಾಡಿಗೆ ತಿಂಗಳ ಮೊದಲ ವಾರದಲ್ಲೇ ಮುಗೀತದೆ ಸರ್. ಅವಳದು ಮೂರನೇ ವಾರದವರೆಗೂ ಎಳೀತದೆ. ಅವಳ ಬೀದಿಯಲ್ಲಿ ಇನ್ನೂ ನಾಲ್ಕು ಬೋರ್ಡಿವೆ’ ಎಂದರು. ಶುಲ್ಕ ಎರಡು ಪಟ್ಟು, ಬಾಡಿಗೆ ಆರು ಪಟ್ಟು. ವೈದ್ಯರ ಬದುಕನ್ನು ನಿರ್ಧರಿಸುವುದು ಈ ಎರಡರ ನಡುವಿನ ಅಂತರ, ಬೋರ್ಡಿನ ಕೆಳಗೆ ಬರೆದ ಪದವಿಗಳಲ್ಲ.

ಬೆಂಗಳೂರು ಹೀಗೆ ತುಂಬಿದ ಕತೆ ಓದುಗರಿಗೆ ಗೊತ್ತಿರುವುದೇ. 1920ರಲ್ಲಿ ರಫೀಉದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ವೈದ್ಯ ಕಾಲೇಜು ತೆರೆದರು, 1948ರಲ್ಲಿ ದಂತ ವೈದ್ಯರ ಕಾಯ್ದೆ ಬಂತು. ನಮ್ಮಲ್ಲಿ 1958ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು, 1965ರಲ್ಲಿ ಮಣಿಪಾಲ, 1979ರಲ್ಲಿ ದಾವಣಗೆರೆಯ ಬಾಪೂಜಿ. ಆಮೇಲೆ ಖಾಸಗಿ ಕಾಲೇಜುಗಳ ಮಳೆಗಾಲ. ಈಗ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಕಾಲೇಜುಗಳಿವೆ, ಹೆಚ್ಚಿನವು ಖಾಸಗಿ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ಹೊರಬಂದ ಹುಡುಗ ಹುಡುಗಿಯರು ಬೆಂಗಳೂರಿನ ಕ್ಲಿನಿಕ್ಕುಗಳಲ್ಲಿ ತಿಂಗಳಿಗೆ ಹದಿನೈದು ಇಪ್ಪತ್ತು ಸಾವಿರಕ್ಕೆ ದುಡಿಯುವುದನ್ನು ನಾನೇ ನೋಡಿದ್ದೇನೆ. ಐದು ವರ್ಷ ಓದಿದವರಿಗೆ ಅದು ಸಲ್ಲುವ ಸಂಬಳವಲ್ಲ.

ಹಾಗಾದರೆ ಎಲ್ಲರೂ ಪಾವಗಡಕ್ಕೆ ಬಂದುಬಿಡಬೇಕೇ? ಕುರ್ಚಿಯ ಪಕ್ಕದ ಟ್ರೇ ತೋರಿಸಿ ವೈದ್ಯೆ ಇನ್ನೊಂದು ಲೆಕ್ಕ ಹೇಳಿದರು. ಹಲ್ಲು ಕೊರೆಯುವ ಏರೋಟರ್, ಬರ್‌ಗಳು, ಹಲ್ಲಿನ ಬಣ್ಣದ ಕಾಂಪೋಸಿಟ್, ಬೇರಿಗೆ ತುಂಬುವ ಗಟ್ಟಾಪರ್ಚಾ, ಅರಿವಳಿಕೆ, ಇವುಗಳ ಬೆಲೆ ಪಾವಗಡದಲ್ಲಿ ಕಡಿಮೆಯಾಗುವುದಿಲ್ಲ. ಬೆಂಗಳೂರಿನ ಡೀಲರ್ ಕೊಡುವ ದರವೇ, ಮೇಲೆ ಕೊರಿಯರ್. ಕುರ್ಚಿ ಕೆಟ್ಟರೆ ಮೆಕ್ಯಾನಿಕ್ ಬೆಂಗಳೂರಿಂದ ಬರಬೇಕು. ಅವನ ಕೂಲಿಗಿಂತ ಅವನ ದಾರಿಖರ್ಚೇ ದೊಡ್ಡದು, ಅವನು ಬರುವವರೆಗೆ ಕ್ಲಿನಿಕ್ಕಿಗೆ ಬೀಗ. ಶುಲ್ಕ ಊರಿಗೆ ತಕ್ಕಂತೆ ಇಳಿಯುತ್ತದೆ, ಸಾಮಾನು ಇಳಿಯುವುದಿಲ್ಲ.

ಪಾರ್ಸಲ್ಲಿನ ವಿಷಯಕ್ಕೆ ಬರುತ್ತೇನೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ತಾನೆ. ಹಲ್ಲಿನ ಅಚ್ಚು ತೆಗೆಯುವ ಅಗ್ಗದ ಪುಡಿಗೆ ಆಲ್ಜಿನೇಟ್ ಎನ್ನುತ್ತಾರೆ. ಕಡಲ ಪಾಚಿಯಿಂದ ತಯಾರಾಗುವಂಥದ್ದು. ನೀರಲ್ಲಿ ಕಲಸಿ ಬಾಯಲ್ಲಿಟ್ಟರೆ ಎರಡು ಮೂರು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಆದರೆ ಹೊರಗೆ ತೆಗೆದ ಕ್ಷಣದಿಂದ ನೀರು ಬಿಟ್ಟು ಕುಗ್ಗತೊಡಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಉಬ್ಬುತ್ತದೆ. ಕಾಲು ಗಂಟೆಯೊಳಗೆ ಅದಕ್ಕೆ ಡೆಂಟಲ್ ಸ್ಟೋನ್ ಸುರಿದು ಮಾದರಿ ಮಾಡಿಕೊಳ್ಳದಿದ್ದರೆ ಅಚ್ಚು ಕೆಲಸಕ್ಕೆ ಬಾರದು. ಲ್ಯಾಬ್ ಪಕ್ಕದ ಬೀದಿಯಲ್ಲಿದ್ದವರಿಗೆ ಇದು ಚಿಂತೆಯಲ್ಲ. ಬಸ್ಸು ಗಂಟೆಗಟ್ಟಲೆ ದೂರ ಹೋಗಬೇಕಾದ ಊರಿನಲ್ಲಿ ವೈದ್ಯರೇ ತೋಳು ಮಡಚಿ ಸ್ಟೋನ್ ಕಲಸಬೇಕು. ಕ್ರೌನ್‌ಗೆ ಬೇಕಾದ ನಿಖರತೆ ಎಷ್ಟೆಂದರೆ, ಹಲ್ಲಿಗೂ ಅದರ ಟೊಪ್ಪಿಗೆಗೂ ನಡುವೆ ಒಂದು ಕೂದಲೆಳೆಯಷ್ಟು ಸಂದು ಬಿದ್ದರೂ ಹೆಚ್ಚೇ. ಆದ್ದರಿಂದ ಕ್ರೌನ್ ಅಚ್ಚಿಗೆ ಅವರು ದುಬಾರಿ ಸಿಲಿಕಾನ್ ಪುಟ್ಟಿ ಬಳಸುತ್ತಾರೆ. ಅದು ವಾರ ಕಳೆದರೂ ಆಕಾರ ಬದಲಿಸುವುದಿಲ್ಲ, ಬಸ್ಸಿನ ಕುಲುಕಾಟಕ್ಕೂ ಜಗ್ಗುವುದಿಲ್ಲ. ‘ಪುಟ್ಟಿ ಇಲ್ಲದಿದ್ದರೆ ಪಾವಗಡದಲ್ಲಿ ಕ್ರೌನ್ ಕೆಲಸವೇ ಇಲ್ಲ’ ಎಂದರು ವೈದ್ಯೆ. ನನಗೆ ಈ ಮಾತು ಬಹಳ ಹಿಡಿಸಿತು. ದೂರದ ಊರಿನ ವೈದ್ಯರಿಗೆ ಬದುಕುವ ದಾರಿ ತೆರೆದ ವಸ್ತುಗಳಲ್ಲಿ ಆ ಪುಟ್ಟಿಯ ಡಬ್ಬಿಗೂ ಜಾಗ ಕೊಡಬೇಕು. ಹಿಂದೆ ಪಾರ್ಸಲ್ಲನ್ನು ಗುರುತಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದರಂತೆ. 2021ರಲ್ಲಿ ಕೆಎಸ್‌ಆರ್‌ಟಿಸಿ ‘ನಮ್ಮ ಕಾರ್ಗೋ’ ಆರಂಭಿಸಿದ ಮೇಲೆ ರಸೀದಿ ಸಿಗುತ್ತಿದೆ. ಕ್ಯಾಮೆರಾದಲ್ಲಿ ಬಾಯಿ ಸ್ಕ್ಯಾನ್ ಮಾಡಿ ಫೈಲನ್ನೇ ಲ್ಯಾಬಿಗೆ ಕಳಿಸುವ ಯಂತ್ರವೂ ಬಂದಿದೆ, ಆದರೆ ಅದರ ಬೆಲೆಯಲ್ಲಿ ಇಲ್ಲಿ ಇನ್ನೊಂದು ಕ್ಲಿನಿಕ್ ತೆರೆಯಬಹುದು.

ಪೆಟ್ಟಿಗೆಯೊಳಗಿನ ಚೀಟಿ ಇನ್ನೂ ಕುತೂಹಲದ್ದು. ಲ್ಯಾಬಿಗೆ ಹಲ್ಲಿನ ಬಣ್ಣ ತಿಳಿಸಬೇಕಲ್ಲ. ಅದಕ್ಕೆ ಜಗತ್ತಿನಾದ್ಯಂತ ಬಳಸುವುದು ಜರ್ಮನಿಯ ವೀಟಾ ಕಂಪನಿ 1956ರಲ್ಲಿ ತಂದ ಬಣ್ಣದ ಪಟ್ಟಿ. ಎ1ರಿಂದ ಡಿ4ರವರೆಗೆ ಹದಿನಾರು ಪುಟ್ಟ ಹಲ್ಲುಗಳು. ರೋಗಿಯ ಹಲ್ಲಿನ ಪಕ್ಕ ಒಂದೊಂದನ್ನೇ ಹಿಡಿದು ಹೊಂದುವುದನ್ನು ಆರಿಸುತ್ತಾರೆ. ಬೆಂಗಳೂರಿನಲ್ಲಿ ಎ2, ಎ3 ಎಂದು ಬರೆದರೆ ಕೆಲಸ ಮುಗಿಯಿತು. ಪಾವಗಡದ ಎಷ್ಟೋ ಹಲ್ಲುಗಳಿಗೆ ಆ ಹದಿನಾರರಲ್ಲಿ ಒಂದೂ ಹೊಂದುವುದಿಲ್ಲ. ಕಾರಣ ಇಲ್ಲಿನ ಅಂತರ್ಜಲದ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ಕೊಳವೆಬಾವಿಗಳು ಈ ಸೀಮೆಯಲ್ಲಿ ಹೊಸದಲ್ಲ. ಎಂಟು ವರ್ಷದೊಳಗಿನ ಮಗು ಆ ನೀರು ಕುಡಿದರೆ ಆಗಷ್ಟೇ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್ ಮೇಲೆ ಸುಣ್ಣದ ಬಿಳಿ ಮಚ್ಚೆ, ಕಂದು ಪಟ್ಟೆ ಉಳಿದುಬಿಡುತ್ತವೆ. ಆ ಪಟ್ಟೆಗೆ ವೀಟಾ ಪಟ್ಟಿಯಲ್ಲಿ ಸಂಖ್ಯೆಯಿಲ್ಲ. ವೈದ್ಯೆ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಲ್ಯಾಬಿನ ಕೆಲಸಗಾರ ಪಿಂಗಾಣಿಗೆ ಕುಂಚದಲ್ಲಿ ಕಂದು ಗೆರೆ ಎಳೆದು ಸುಡುತ್ತಾನೆ. ವಯಸ್ಸಾದವರು ಪಕ್ಕದ ಹಲ್ಲಿನಂತೆಯೇ ಇರಲಿ ಎನ್ನುತ್ತಾರೆ. ಮದುವೆ ಗೊತ್ತಾದ ಹುಡುಗ ಹುಡುಗಿಯರಿಗೆ ಮುಂದಿನ ಆರೂ ಹಲ್ಲು ಬಿಳಿಯಾಗಬೇಕು. ನೀರಿನ ದೋಷ ಹೀಗೆ ವೈದ್ಯರಿಗೆ ಕೆಲಸವಾಗುತ್ತದೆ ನಿಜ, ಆದರೆ ಸುಲಭದ ಕೆಲಸವಲ್ಲ. ಫ್ಲೋರೈಡ್ ಹಿಡಿದ ಎನಾಮಲ್ ಅಂಟಿಸುವ ಮುನ್ನ ಹಚ್ಚುವ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ. ಮೇಲ್ಪದರ ತುಸು ಉಜ್ಜಿ, ಆಮ್ಲ ಹೆಚ್ಚು ಹೊತ್ತು ಹಚ್ಚಿಟ್ಟರೂ ಅಂಟಿಸಿದ್ದು ಕೆಲವೊಮ್ಮೆ ಕಿತ್ತು ಬರುತ್ತದೆ. ಮತ್ತೆ ಅಂಟಿಸುವುದಕ್ಕೆ ದುಡ್ಡು ಕೇಳಲಾಗದು. ಆ ಅರ್ಧ ಗಂಟೆ ವೈದ್ಯರ ಲೆಕ್ಕಕ್ಕೆ. ಬೆಂಗಳೂರಿನ ಯಾವ ದರಪಟ್ಟಿಯಲ್ಲೂ ಈ ಅರ್ಧ ಗಂಟೆ ಕಾಣುವುದಿಲ್ಲ.

ರೋಗಿಗಳ ಕೈಯಲ್ಲಿ ದುಡ್ಡು ಯಾವಾಗ ಇರುತ್ತದೆ ಎಂಬುದೂ ಊರಿನದೇ ಲೆಕ್ಕ. ಇಲ್ಲಿ ಶೇಂಗಾ ಮಾರಾಟವಾದ ಮೇಲೆ ದಂತಪಂಕ್ತಿಗೂ ಬ್ರಿಡ್ಜಿಗೂ ಬೇಡಿಕೆ. ಮಳೆ ಕೈಕೊಟ್ಟ ವರ್ಷ ಬರೀ ಹಲ್ಲು ಕೀಳುವ ಕೆಲಸ. ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಶುರುವಾದ ಗುತ್ತಿಗೆಗೆ ಜಮೀನು ಕೊಟ್ಟ ಮನೆಗಳವರು ಮಳೆಯ ಹಂಗಿಲ್ಲದೆ ಬರುತ್ತಾರಂತೆ. ಶನಿವಾರ ಶನಿಮಹಾತ್ಮನ ದೇವಸ್ಥಾನಕ್ಕೆ ಬಂದವರು ಹಲ್ಲನ್ನೂ ತೋರಿಸಿ ಹೋಗುತ್ತಾರೆ, ಅವರಲ್ಲಿ ಗಡಿಯಾಚೆಯವರು ಬಹಳ, ಮಾತೆಲ್ಲ ತೆಲುಗಿನಲ್ಲಿ. ವೈದ್ಯೆ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿತು. ಮೊದಲೆಲ್ಲ ರೂಟ್ ಕೆನಾಲ್ ಎಂದರೆ ಹಳ್ಳಿಯ ಹೆಂಗಸರು ‘ಮೂರು ಸಲ ಯಾರು ಬರೋದು ಡಾಕ್ಟ್ರಮ್ಮಾ, ಕಿತ್ತಾಕಿ ಬಿಡಿ’ ಎನ್ನುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಅವರೇ ಎರಡನೇ, ಮೂರನೇ ಸಲಕ್ಕೂ ಬರುತ್ತಿದ್ದಾರೆ, ಹಲ್ಲು ಉಳಿಯುತ್ತಿದೆ. ಯೋಜನೆಯ ಪರ ವಿರುದ್ಧ ಎಷ್ಟೋ ಚರ್ಚೆ ಕೇಳಿದ್ದೇವೆ. ಉಳಿದ ಹಲ್ಲುಗಳ ಲೆಕ್ಕ ಯಾರೂ ತೆಗೆದಂತಿಲ್ಲ.

ಇನ್ನು ಮನೆಖರ್ಚು. ಮನೆ ಬಾಡಿಗೆ, ತರಕಾರಿ, ಹಾಲು, ಕೆಲಸದವರ ಸಂಬಳ ಎಲ್ಲವೂ ಬೆಂಗಳೂರಿಗಿಂತ ಬಹಳ ಕಡಿಮೆ. ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತಂತೂ ಇಲ್ಲವೇ ಇಲ್ಲ. ಆದರೆ ಇವರ ಯಜಮಾನರ ಕೆಲಸ ತುಮಕೂರಿನಲ್ಲಿ, ಮಗನ ಶಾಲೆಯೂ ಅಲ್ಲೇ, ಅವನು ಅಜ್ಜಿಯ ಜೊತೆ. ಹೀಗಾಗಿ ಎರಡು ಮನೆ, ಎರಡು ಅಡುಗೆ, ವಾರಕ್ಕೊಮ್ಮೆ ಓಡಾಟ. ಪಾವಗಡದಲ್ಲಿ ಉಳಿದ ದುಡ್ಡಿನ ಒಂದು ಪಾಲು ತುಮಕೂರಿನಲ್ಲಿ ಕರಗುತ್ತದೆ. ‘ಅವನು ಪಿಯುಸಿಗೆ ಬಂದಾಗ ಏನು ಮಾಡ್ತೀನೋ ಗೊತ್ತಿಲ್ಲ’ ಎಂದು ಸುಮ್ಮನಾದರು. ಜೀವನವೆಚ್ಚದ ಪಟ್ಟಿ ಮಾಡುವವರು ಅಕ್ಕಿ ಬೇಳೆ ಬಾಡಿಗೆ ಬರೆಯುತ್ತಾರೆ, ಈ ಎರಡನೇ ಒಲೆಯನ್ನು ಬರೆಯುವುದಿಲ್ಲ.

ಸರ್ಕಾರಕ್ಕೆ ಜಾಗದ ಬೆಲೆ ಗೊತ್ತಿಲ್ಲವೆಂದಲ್ಲ. ಕೇಂದ್ರ ನೌಕರರಿಗೆ ಬೆಂಗಳೂರಿನಲ್ಲಿ ಮೂಲವೇತನದ ಶೇ 30ರಷ್ಟು ಮನೆ ಬಾಡಿಗೆ ಭತ್ಯೆ, ಸಣ್ಣ ಊರಿನಲ್ಲಿ ಶೇ 10. ಸ್ವಂತ ಕ್ಲಿನಿಕ್ ನಡೆಸುವವರ ಮಾತು ಬಂದಾಗ ಮಾತ್ರ ನಕಾಶೆ ಮರೆತುಹೋಗುತ್ತದೆ. ವರ್ಷಕ್ಕೆ 50 ಲಕ್ಷದೊಳಗೆ ಸ್ವೀಕೃತಿ ಇರುವ ವೈದ್ಯರು ವಿವರವಾದ ಲೆಕ್ಕಪತ್ರ ಇಡದೆ ಅದರ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬಹುದು. ವಿಜಯನಗರದ ಸಹಪಾಠಿಗೆ ಅರ್ಧ ಉಳಿಯುವುದೇ ಇಲ್ಲ, ಅವರು ಪೂರ್ತಿ ಲೆಕ್ಕ ಬರೆಸಿ ಆಡಿಟರ್ ಬಳಿ ಹೋಗುತ್ತಾರೆ. ಪಾವಗಡದಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿಯುತ್ತದೆ, ಹಾಗಾಗಿ ಈ ನಿಯಮ ಇವರಿಗೆ ಅನುಕೂಲ. ಹಳ್ಳಿಗಾಡಿನ ವೈದ್ಯರಿಗೆ ಸರ್ಕಾರ ಉದ್ದೇಶಪಟ್ಟು ಕೊಡದೆಯೇ ಸಿಕ್ಕ ಸಹಾಯ ಇದು.

ನಮ್ಮ ಕಡೆಯ ಬಿಡಿಎಸ್ ಪದವೀಧರರು ಪರೀಕ್ಷೆ ಬರೆದು ಹೋಗುವ ಇಂಗ್ಲೆಂಡಿನ ಅನುಭವವೂ ಇಲ್ಲಿ ಪಾಠವಾಗಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ರೋಗಿ ಕೊಡಬೇಕಾದ ಶುಲ್ಕ ಲಂಡನ್ನಿನಲ್ಲೂ ಕಡಲ ತೀರದ ಸಣ್ಣ ಊರಿನಲ್ಲೂ ಒಂದೇ. ಹಾಗಿದ್ದೂ ಹಳ್ಳಿಗಾಡಿಗೆ, ಕರಾವಳಿಗೆ ಹಲ್ಲಿನ ವೈದ್ಯರು ಸಿಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಬ್ರಿಸ್ಟಲ್‌ನಂಥ ನಗರದಲ್ಲೇ ಹೊಸ ಕ್ಲಿನಿಕ್ಕಿನ ಮುಂದೆ ನೂರಾರು ಜನ ಸಾಲು ನಿಂತು, ನಿಭಾಯಿಸಲು ಪೊಲೀಸರು ಬರಬೇಕಾಯಿತು. ಅದೇ ತಿಂಗಳು ಅಲ್ಲಿನ ಸರ್ಕಾರ, ವೈದ್ಯರಿಲ್ಲದ ಪ್ರದೇಶಗಳಿಗೆ ಹೋಗಿ ಮೂರು ವರ್ಷ ದುಡಿಯಲು ಒಪ್ಪುವ 240 ಮಂದಿಗೆ ತಲಾ 20 ಸಾವಿರ ಪೌಂಡ್ ಕೊಡುವುದಾಗಿ ಪ್ರಕಟಿಸಿತು. ಹಣ ಕೊಟ್ಟರೆ ಬರುತ್ತಾರೆ, ಆದರೆ ಉಳಿಯುತ್ತಾರೆಯೇ ಎಂಬುದು ನನ್ನ ಅನುಮಾನ. ಶಾಲೆ, ಸಂಗಾತಿಯ ಕೆಲಸ, ಲ್ಯಾಬಿನ ದೂರ, ಇವು ಒಮ್ಮೆ ಕೊಡುವ ಹಣದಿಂದ ಹತ್ತಿರವಾಗುವುದಿಲ್ಲ.

ನಮ್ಮ ಆರೋಗ್ಯ ಇಲಾಖೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಕೆಳಗಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ದಂತ ವೈದ್ಯರ ಹುದ್ದೆ ತುಂಬಲಿ. ದಂತ ಕಾಲೇಜುಗಳು ಶಿಬಿರ ನಡೆಸಿ ಫೋಟೊ ತೆಗೆಸಿಕೊಂಡು ಹೋಗುವ ಬದಲು ಜಿಲ್ಲೆಗೊಂದು ಲ್ಯಾಬ್ ತೆರೆಯಲಿ, ಪಾವಗಡದ ಅಚ್ಚು ತುಮಕೂರಿನಲ್ಲೇ ಇಳಿಯಲಿ.

ಈ ವರ್ಷ ಇಂಟರ್ನ್‌ಶಿಪ್ ಮುಗಿಸುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಬೆಂಗಳೂರಿನಲ್ಲಿ ಅಂಗಡಿ ಹುಡುಕುವ ಮುನ್ನ ನಿಮ್ಮ ಸೀಮೆಯ ತಾಲ್ಲೂಕು ಊರೊಂದರ ಕ್ಲಿನಿಕ್ಕಿನಲ್ಲಿ ಸಂತೆಯ ದಿನ ಪೂರ್ತಿ ಕುಳಿತು ಬನ್ನಿ. ಎಷ್ಟು ಜನ ಬಂದರು, ಎಷ್ಟು ಕೊಟ್ಟರು, ಲ್ಯಾಬ್ ಎಷ್ಟು ದೂರ, ಶಾಲೆ ಎಲ್ಲಿದೆ ಎಂದು ಬರೆದುಕೊಳ್ಳಿ. ವಿಜಯನಗರದ ಆ ಅಂಗಡಿಗೆ ಹತ್ತು ತಿಂಗಳ ಮುಂಗಡವೇ ಐದೂವರೆ ಲಕ್ಷ. ಪಾವಗಡದ ವೈದ್ಯೆ ಕುರ್ಚಿ, ಕಂಪ್ರೆಸರ್, ಆಟೋಕ್ಲೇವ್ ಸಮೇತ ಇಡೀ ಕ್ಲಿನಿಕ್ ತೆರೆದದ್ದು ಅದಕ್ಕಿಂತ ಕಡಿಮೆ ಹಣದಲ್ಲಿ.