ಎಮ್ಮೆ ಹಾಲಿಗೆ 3.2 ಫ್ಯಾಟ್ ಬಂದ ದಿನ

ಬೆಳಗ್ಗೆ ಏಳು ಗಂಟೆಗೆ ಮುಂಚೆ ಫೋನ್ ಬಂದರೆ ಒಳ್ಳೆ ಸುದ್ದಿ ಇರಲ್ಲ ಅಂತ ನಮ್ಮಮ್ಮ ಹೇಳ್ತಿರ್ತಾರೆ. ಅವತ್ತು ಬಂದದ್ದು ಮಂಡ್ಯ ಕಡೆಯ ಒಂದು ಹಳ್ಳಿಯ ಡೇರಿ ಸೆಕ್ರೆಟರಿಯ ಫೋನು. "ಸಾರ್, ನಿಮ್ ಮಿಷಿನ್ಗೆ ಏನೋ ಆಗದೆ. ಎಮ್ಮೆ ಹಾಲ್ಗೂ 3.2 ತೋರಿಸ್ತಾ ಅದೆ." ಹಿಂದಿನಿಂದ ಒಬ್ಬ ಹೆಂಗಸಿನ ದನಿ ಕೇಳಿಸುತ್ತಿತ್ತು: "ನಾನೇನ್ ನೀರ್ ಹಾಕ್ಬುಟ್ಟಿದ್ದೀನಾ? ಕೇಳಿ ಅವರ್ನ!"

ಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಸುವಿನ ಹಾಲಿನ ಫ್ಯಾಟ್ ಸಾಮಾನ್ಯವಾಗಿ ಮೂರೂವರೆ, ನಾಲ್ಕರ ಆಸುಪಾಸು. ಎಮ್ಮೆಯದು ಆರು, ಏಳು. ಫ್ಯಾಟ್ ನೋಡಿಯೇ ರೇಟು ಹಾಕೋದು. ಎಮ್ಮೆ ಹಾಲಿಗೆ 3.2 ಬಂತು ಅಂದರೆ ಕ್ಯೂನಲ್ಲಿ ನಿಂತವರೆಲ್ಲ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ.

ನಾನು ಆಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಡೇರಿಯ ತಕ್ಕಡಿಗೂ ಫ್ಯಾಟ್ ಟೆಸ್ಟರ್‌ಗೂ ಜೋಡಿಸುವ ಬಾಕ್ಸ್ ನಮ್ಮದು. ಒಳಗೆ ಓಡುತ್ತಿದ್ದದ್ದು ಲಿನಕ್ಸ್. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಕರ್ನಲ್ ಅಂದರೆ ಹಾರ್ಡ್‌ವೇರಿಗೂ ಆ್ಯಪ್‌ಗಳಿಗೂ ನಡುವೆ ಕೂತಿರುವ ಸಾಫ್ಟ್‌ವೇರ್. ಯಾವ ಮಾಹಿತಿ ಯಾವ ಹೆಸರಲ್ಲಿ, ಯಾವ ಕ್ರಮದಲ್ಲಿ ಸಿಗುತ್ತೆ ಅನ್ನೋ ಒಪ್ಪಂದವನ್ನು ಹೆಡರ್ ಫೈಲ್‌ಗಳಲ್ಲಿ ಬರೆದಿಟ್ಟಿರುತ್ತಾರೆ.

ನಮ್ಮ ಹೆಡರ್ ಫೈಲ್ ಗಲೀಜಾಗಿತ್ತು. ಹಾಲಿನ ಪಟ್ಟಿಯಲ್ಲಿ ಮೂರು ಅಂಕಿ: ತೂಕ, ಫ್ಯಾಟ್, ಉಷ್ಣಾಂಶ. ಯಂತ್ರ ಅಳೆಯೋದು ಮಾತ್ರ ಮೊದಲು ತೂಕ, ಆಮೇಲೆ ಉಷ್ಣಾಂಶ, ಕೊನೆಗೆ ಫ್ಯಾಟ್. ಕ್ಲೀನ್ ಮಾಡೋ ಹುಮ್ಮಸ್ಸಿನಲ್ಲಿ ಪಟ್ಟಿಯನ್ನೂ ಅದೇ ಕ್ರಮಕ್ಕೆ ತಂದೆ. ನಮ್ಮ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಕಂಪೈಲ್ ಮಾಡಿದೆ, ಎಲ್ಲ ಸರಿಯಾಗಿ ಓಡಿತು. ಪರೀಕ್ಷೆಗೆಂದು ಕೆಲವೇ ಡೇರಿಗಳಿಗೆ ಹೊಸ ಕರ್ನಲ್ ಹೋಯಿತು.

ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ನಮ್ಮದಲ್ಲ. ಬೇರೆ ಯಾರೋ ಐದು ವರ್ಷದ ಹಿಂದೆ ಬರೆದುಕೊಟ್ಟು ಹೋದದ್ದು. ಕಂಪೈಲ್ ಆದ ಪ್ರೋಗ್ರಾಂಗೆ ಹೆಸರು ಗೊತ್ತಿರಲ್ಲ, ಜಾಗ ಮಾತ್ರ ಗೊತ್ತು. ಎರಡನೇ ಜಾಗದಲ್ಲಿರೋದು ಫ್ಯಾಟ್, ಅದನ್ನು ಹತ್ತರಿಂದ ಭಾಗಿಸಿ ಪ್ರಿಂಟ್ ಮಾಡು, ಅಷ್ಟೇ. ಈಗ ಆ ಜಾಗದಲ್ಲಿ ಉಷ್ಣಾಂಶ ಕೂತಿತ್ತು. ಆಗಷ್ಟೇ ಕರೆದು ತಂದ ಹಾಲು 32 ಡಿಗ್ರಿ. ಚೀಟಿಯಲ್ಲಿ 3.2.

ಎರರ್ ಯಾಕೆ ಬರಲಿಲ್ಲ ಅಂತ ಕೇಳಬಹುದು. ಆ್ಯಪ್ ಹೀಗೆ ಕರ್ನಲ್ಲನ್ನು ಕೇಳುವಾಗ ಒಂದು ಸಂಖ್ಯೆ ಕೊಡುತ್ತೆ. ಪಟ್ಟಿಯ ಗಾತ್ರವೂ ಆ ಸಂಖ್ಯೆಯೊಳಗೇ ಅಡಗಿರುತ್ತೆ. ನಾನು ಇನ್ನೊಂದು ಅಂಕಿ ಸೇರಿಸಿ ಗಾತ್ರ ಬದಲಾಗಿದ್ದರೆ ಸಂಖ್ಯೆ ತಾಳೆಯಾಗದೆ ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು, ನಾವು ಬಚಾವಾಗುತ್ತಿದ್ದೆವು. ನಾನು ಬದಲಿಸಿದ್ದು ಕ್ರಮ ಮಾತ್ರ. ಎರಡು ದಿನ ಹಸು ಸಾಕಿದವರೆಲ್ಲ "ಯಾಕೋ ಫ್ಯಾಟ್ ಕಮ್ಮಿ ಬಂತು" ಅಂತ ಗೊಣಗಿಕೊಂಡು ಚೀಟಿ ತಗೊಂಡು ಹೋಗಿದ್ದಾರೆ. ಆ ಎಮ್ಮೆ ಇಲ್ಲದಿದ್ದರೆ ಇನ್ನೆಷ್ಟು ದಿನ ಹಾಗೇ ನಡೆಯುತ್ತಿತ್ತೋ.

ಮಧ್ಯಾಹ್ನದೊಳಗೆ ಹಳೇ ಕರ್ನಲ್ ವಾಪಸ್ ಹಾಕಿದೆವು. ಬಾಕ್ಸಿನ ಲಾಗ್‌ನಲ್ಲಿ ಸರಿಯಾದ ಅಂಕಿ ಉಳಿದಿದ್ದರಿಂದ ಮುಂದಿನ ಬಟವಾಡೆಯಲ್ಲಿ ವ್ಯತ್ಯಾಸದ ದುಡ್ಡು ಸೇರಿಸಿ ಕೊಟ್ಟರು. ಕ್ಯೂನಲ್ಲಿ ಆಕೆಯ ಮೇಲೆ ಬಿದ್ದ ನೋಟಗಳಿಗೆ ಲಾಗ್ ಇರಲಿಲ್ಲ.

ನಮ್ಮ ಸೀನಿಯರ್ ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಲಿನಕ್ಸ್‌ನವರು 2012ರಲ್ಲಿ ಹೆಡರ್ ಫೈಲ್ ಹೇಗೆ ಕ್ಲೀನ್ ಮಾಡಿದ್ರು, ನೋಡಿಕೊಂಡು ಬನ್ನಿ" ಅಂದರು. ಆ ವಾರಾಂತ್ಯ ಅದನ್ನೇ ಓದಿದೆ.

ಅವರ ಗಲೀಜಿನ ಮುಂದೆ ನಮ್ಮದು ಏನೂ ಅಲ್ಲ. ಕರ್ನಲ್ ತನ್ನ ಒಳಗಿನ ಕೆಲಸಕ್ಕೆ ಬಳಸುವ ಸಾಲುಗಳು, ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಮಾತು, ಎರಡೂ ಒಂದೇ ಫೈಲ್‌ನಲ್ಲಿ ಕಲಸಿಹೋಗಿದ್ದವು. ನಡುನಡುವೆ 'ಇದು ಕರ್ನಲ್‌ಗೆ ಮಾತ್ರ' ಅನ್ನುವ ಗುರುತು. ಹೊರಗಿನವರಿಗೆ ಪ್ರತಿ ಕೊಡುವಾಗ ಒಂದು ಸ್ಕ್ರಿಪ್ಟ್ ಆ ಭಾಗಗಳನ್ನು ಕತ್ತರಿಸಿ ಕೊಡುತ್ತಿತ್ತು. ಮೇಲಾಗಿ ಒಂದು ಫೈಲ್ ಇನ್ನೊಂದನ್ನು ಕರೆಯೋದು, ಅದು ತಿರುಗಿ ಮೊದಲನೆಯದನ್ನೇ ಕರೆಯೋದು. ರೆಡ್ ಹ್ಯಾಟ್‌ನ ಡೇವಿಡ್ ಹೋವೆಲ್ಸ್ ಈ ಗಂಟು ಬಿಡಿಸಲು ಕೂತರು. ಹೊರಗಿನವರಿಗೆ ಸೇರಿದ ಭಾಗಗಳನ್ನೆಲ್ಲ ಯುಎಪಿಐ ಎಂಬ ಬೇರೆ ಫೋಲ್ಡರ್‌ಗೆ ಸಾಗಿಸಿದರು. ನೂರಾರು ಫೈಲ್. ಕೈಯಲ್ಲಿ ಮಾಡಿದರೆ ತಪ್ಪು ಖಂಡಿತ, ಅದಕ್ಕೆ ಸ್ಕ್ರಿಪ್ಟ್ ಬರೆದೇ ಮಾಡಿದರು. 2012ರ ಡಿಸೆಂಬರ್‌ನಲ್ಲಿ ಬಂದ 3.7 ಆವೃತ್ತಿಯಲ್ಲಿ ಅದು ಸೇರಿತು.

ನನಗೆ ಹಿಡಿಸಿದ್ದು ಫೋಲ್ಡರ್ ಅಲ್ಲ, ಅದನ್ನು ಮಾಡಿದ ರೀತಿ. ಕರ್ನಲ್ ಒಳಗಿನ ಹಳೇ ಫೈಲ್ ಅದೇ ಹೆಸರಲ್ಲಿ ಅಲ್ಲೇ ಉಳಿಯಿತು. ಅದರ ಮೇಲ್ಭಾಗದಲ್ಲಿ ಹೊಸ ಜಾಗದ ಫೈಲನ್ನು ಕರೆಯುವ ಒಂದು ಸಾಲು ಬಂತು. ಹೊರಗಿನವರಿಗೆ ಫೈಲ್‌ಗಳು ಇನ್‌ಸ್ಟಾಲ್ ಆಗುವುದು ಮೊದಲಿನ ಜಾಗದಲ್ಲೇ. ಪ್ರೋಗ್ರಾಂ ಬರೆಯುವವರು ಒಂದು ಅಕ್ಷರ ಬದಲಿಸಬೇಕಿರಲಿಲ್ಲ. ಮನೆಯೊಳಗೆ ಹೊಸ ಗೋಡೆ ಎದ್ದಿತು, ಪೋಸ್ಟ್‌ಮ್ಯಾನ್‌ಗೆ ಗೊತ್ತೇ ಆಗಲಿಲ್ಲ. ಇನ್ನೊಂದು ಲಾಭವೂ ಇದೆ. ಯಾರಾದರೂ ಆ ಫೋಲ್ಡರ್ ಮುಟ್ಟಿದರೆ, ಹೊರಗಿನವರಿಗೆ ಕೊಟ್ಟ ಮಾತಿಗೇ ಕೈ ಹಾಕಿದ್ದಾರೆ ಅಂತ ಪರಿಶೀಲಿಸುವವರಿಗೆ ತಕ್ಷಣ ತಿಳಿಯುತ್ತೆ. ನನ್ನ ಪ್ಯಾಚ್‌ಗೆ ಅಂಥ ಒಂದು ಕಣ್ಣು ಬಿದ್ದಿದ್ದರೆ ಸಾಕಿತ್ತು.

ಅವರೂ ಎಡವಿದ್ದಾರೆ ಅನ್ನೋದು ನನಗೆ ಸಮಾಧಾನ. ಎಆರ್‌ಎಂ ಪ್ರೊಸೆಸರ್‌ಗಳ ವಿವರ ಕೊಡುವ ಫೈಲ್‌ನಲ್ಲಿ ಬೋಗೋಮಿಪ್ಸ್ ಅಂತ ಒಂದು ಸಾಲಿದೆ. ಹೆಸರಲ್ಲೇ 'ಬೋಗಸ್' ಇದೆ. ವೇಗ ಅಳೆಯೋಕೆ ಉಪಯೋಗವಿಲ್ಲದ ಅಂಕಿ. ಬೇಡ ಅಂತ 2013ರಲ್ಲಿ ತೆಗೆದರು. ಅದನ್ನೇ ಹುಡುಕುತ್ತಿದ್ದ ಪ್ರೋಗ್ರಾಂಗಳು ಮುಗ್ಗರಿಸಿದವು. 2015ರಲ್ಲಿ ವಾಪಸ್ ಬಂತು. 2018ರಲ್ಲಿ ಇನ್ನೊಂದು: ಒಂದು ಹೆಡರ್‌ನಲ್ಲಿ 'ಪ್ರೈವೇಟ್' ಅನ್ನೋ ಹೆಸರಿತ್ತು. ಸಿ ಭಾಷೆಯಲ್ಲಿ ತೊಂದರೆಯಿಲ್ಲ, ಸಿ ಪ್ಲಸ್ ಪ್ಲಸ್‌ನಲ್ಲಿ ಅದು ಭಾಷೆಯೇ ಕಾದಿರಿಸಿಕೊಂಡ ಪದ. ಹೆಸರು ಬದಲಿಸಿದರೆ ಹಳೇ ಸಿ ಪ್ರೋಗ್ರಾಂಗಳು ಕಂಪೈಲ್ ಆಗಲ್ಲ. ಕೊನೆಗೆ ಮೆಮೊರಿಯ ಒಂದೇ ಜಾಗಕ್ಕೆ ಎರಡು ಹೆಸರಿಟ್ಟರು. ಹಳೆಯದು ಸಿ ಭಾಷೆಗೆ ಮಾತ್ರ ಕಾಣುತ್ತೆ, ಹೊಸದು ಇಬ್ಬರಿಗೂ.

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪ್ಯಾಚ್ ಕಳಿಸಿದ್ದಳು. ಈಗಿನ ಆಫೀಸಿನ ಹೆಡರ್‌ನಲ್ಲಿ 'ಟೆಂಪರೇಚರ್' ಸ್ಪೆಲಿಂಗ್ ತಪ್ಪಿದೆ, ಒಂದು 'ಇ' ಇಲ್ಲ. ಸರಿ ಮಾಡಿದ್ದಳು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಎಮ್ಮೆ ಕಥೆ ಹೇಳಿದೆ. ಯುನಿಕ್ಸ್‌ನ 'ಕ್ರಿಯೇಟ್' ಸಿಸ್ಟಂ ಕಾಲ್‌ಗೂ ಕೊನೆಯ 'ಇ' ಇಲ್ಲ, ಐವತ್ತು ವರ್ಷ ಆದರೂ ಹಾಗೇ ಇದೆ ಅಂದೆ. ನಕ್ಕಳು. "ಆದ್ರೂ ಸರ್, ತಪ್ಪು ಸ್ಪೆಲಿಂಗ್ ನೋಡಿದ್ರೆ ಕೈ ಸುಮ್ನಿರಲ್ವಲ್ಲ?"

ಸಂಜೆ ಎರಡನೇ ಪ್ಯಾಚ್ ಬಂತು. ಹಳೇ ಹೆಸರು ಹಾಗೇ ಇದೆ, ಅದೇ ಜಾಗಕ್ಕೆ ಪಕ್ಕದಲ್ಲಿ ಸರಿಯಾದ ಸ್ಪೆಲಿಂಗ್‌ನ ಇನ್ನೊಂದು ಹೆಸರು. ಜೊತೆಗೆ, ಪ್ರತಿ ಅಂಕಿ ಹಳೇ ಜಾಗದಲ್ಲೇ ಇದೆಯಾ ಅಂತ ಕಂಪೈಲ್ ಆಗುವಾಗಲೇ ನೋಡುವ ಮೂರು ಸಾಲು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.