ಬಿಟ್ಟಿ ಕಾಮಿಕ್ಸಿಗೆ ಬಿಲ್ ಕಟ್ಟೋರು ಯಾರು?

ಅಮೆರಿಕದ ಕಾಮಿಕ್ಸ್ ಪ್ರಿಯರಿಗೆ ಬುಧವಾರ ಅಂದ್ರೆ ಹಬ್ಬ. ಹೊಸ ಸಂಚಿಕೆಗಳು ಅಂಗಡಿಗೆ ಬರೋದು ಅವತ್ತೇ. ಬ್ಯಾಟ್‌ಮನ್ ಆಗಲಿ, ಸ್ಪೈಡರ್‌ಮನ್ ಆಗಲಿ, ಇಪ್ಪತ್ತು ಚಿಲ್ಲರೆ ಪುಟಗಳ ಒಂದು ತೆಳು ಸಂಚಿಕೆಗೆ ನಾಲ್ಕೈದು ಡಾಲರ್. ತಿಂಗಳಿಗೆ ಹತ್ತು ಸಂಚಿಕೆ ಓದೋ ಹುಡುಗನ ಖರ್ಚು ಲೆಕ್ಕ ಹಾಕಿ. 40ರಿಂದ 50 ಡಾಲರ್! ಅದೇ ಊರಿನಲ್ಲಿ ಇನ್ನೊಬ್ಬ ಹುಡುಗ ಬಿಡಿಗಾಸು ಕೊಡದೆ ಟ್ಯಾಬ್ಲೆಟ್‌ನಲ್ಲಿ ಕಾಮಿಕ್ಸ್ ಓದ್ತಾ ಕೂತಿರ್ತಾನೆ. ಕದ್ದಿದ್ದಲ್ಲ, ಪೈರಸಿಯೂ ಅಲ್ಲ. ಅವನ ಹತ್ತಿರ ಇರೋದು ಊರಿನ ಲೈಬ್ರರಿ ಕಾರ್ಡ್, ಅಷ್ಟೇ.

ಇದು ಹೇಗೆ ಸಾಧ್ಯ? ದಾರಿ ಎರಡಿವೆ.

ಮೊದಲನೆಯದು ಲಿಬ್ಬಿ. ಓವರ್‌ಡ್ರೈವ್ ಕಂಪನಿಯ ಆ್ಯಪ್. ಇಲ್ಲಿ ಸಾಮಾನ್ಯವಾಗಿ ಒಂದು ಪ್ರತಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ನಿಮಗಿಂತ ಮುಂದೆ ಹತ್ತು ಜನ ಇದ್ದರೆ ಕಾಯಲೇಬೇಕು. ಡಿಜಿಟಲ್ ಪುಸ್ತಕಕ್ಕೂ ಕ್ಯೂ ಯಾಕೆ ಸ್ವಾಮಿ ಅಂತ ನೀವು ಕೇಳಬಹುದು. ಲೈಬ್ರರಿ ಇಲ್ಲಿ ಪುಸ್ತಕ ಕೊಳ್ಳುವುದಿಲ್ಲ, ಪರವಾನಗಿ ಪಡೆಯುತ್ತದೆ. ಕಾಗದದ ಪುಸ್ತಕವಾದರೆ ಹರಿದುಹೋಗುವ ತನಕ ಕೊಡಬಹುದು. ಡಿಜಿಟಲ್ ಪರವಾನಗಿಗೆ ಬಹುತೇಕ ಆಯುಷ್ಯ ಗೊತ್ತುಮಾಡಿರ್ತಾರೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಏನು ಮಾಡಿತು ಗೊತ್ತಾ? 26 ಸಲ ಎರವಲು ಹೋದ ಮೇಲೆ ಮತ್ತೆ ದುಡ್ಡು ಕಟ್ಟಿ ಅಂತ ಷರತ್ತು ಹಾಕಿತು.

ಎರಡನೆಯದು ಹೂಪ್ಲಾ. ಓಹಾಯೋ ರಾಜ್ಯದ ಮಿಡ್‌ವೆಸ್ಟ್ ಟೇಪ್ ಕಂಪನಿ 2013ರಲ್ಲಿ ಶುರು ಮಾಡಿದ ಸೇವೆ. ಇಲ್ಲಿ ಕ್ಯೂ ಇಲ್ಲ. ಒಂದೇ ಕಾಮಿಕ್ಸನ್ನು ಸಾವಿರ ಜನ ಒಟ್ಟಿಗೆ ತೆಗೆಯಬಹುದು. 21 ದಿನ ನಿಮ್ಮ ಹತ್ತಿರ ಇರುತ್ತೆ, ಅವಧಿ ಮುಗಿದರೆ ತಾನೇ ವಾಪಸ್ ಹೋಗುತ್ತೆ. ದಂಡದ ಮಾತೇ ಇಲ್ಲ. ಕಾಮಿಕ್ಸ್ ಓದುವವರಿಗೆ ಇದು ಇಷ್ಟವಾಗಿದ್ದು ಸುಮ್ಮನೆ ಅಲ್ಲ.

ಆದರೆ ಇರೋದು ಇಲ್ಲೇ ನೋಡಿ. ನೀವು ಒಂದು ಸಲ ಬೆರಳು ಒತ್ತಿದರೆ ನಿಮ್ಮ ಲೈಬ್ರರಿಯ ಲೆಕ್ಕಕ್ಕೆ ಒಂದು ಬಿಲ್ ಬೀಳುತ್ತೆ. ಆಟೋ ಮೀಟರ್ ಇದ್ದ ಹಾಗೆ. ಎರಡು ಪುಟ ಓದಿ ಮುಚ್ಚಿಟ್ಟರೂ ಬಾಡಿಗೆ ಬಾಡಿಗೆಯೇ. ಅದಕ್ಕೇ ಲೈಬ್ರರಿಗಳು ಒಬ್ಬರಿಗೆ ತಿಂಗಳಿಗೆ ಇಷ್ಟೇ ಅಂತ ಮಿತಿ ಇಟ್ಟಿರೋದು. ಕೆಲವು ಕಡೆ ದಿನಕ್ಕಿಷ್ಟು ಅಂತ ಬಜೆಟ್ ಕೂಡ ಇರುತ್ತೆ. ಅದು ಮುಗಿದರೆ, ಇವತ್ತಿನ ಕೋಟಾ ಆಯ್ತು, ನಾಳೆ ಬನ್ನಿ ಅನ್ನುತ್ತೆ ಆ್ಯಪ್. ಓದುಗ ಅದನ್ನು ಆ್ಯಪ್ ಕೆಟ್ಟಿದೆ ಅಂದುಕೊಂಡು ಬೈತಾನೆ. ಕೆಟ್ಟಿರೋದು ಆ್ಯಪ್ ಅಲ್ಲ, ಖಾಲಿಯಾಗಿರೋದು ಲೈಬ್ರರಿ ಜೇಬು.

ಹಾಗಾಗಿ ಜಾಣ ಓದುಗ ಏನು ಮಾಡ್ತಾನೆ? ಕೆಲವು ಪ್ರಕಾಶಕರ ಬಿಡಿ ಸಂಚಿಕೆಗಳೂ ಇಲ್ಲಿ ಸಿಗುತ್ತವೆ. ಆದರೆ ತೆಳು ಸಂಚಿಕೆ ತೆಗೆದರೂ ತಿಂಗಳ ಮಿತಿಯಲ್ಲಿ ಒಂದು ಕಡಿತ, ಐದಾರು ಸಂಚಿಕೆ ಒಟ್ಟುಗೂಡಿಸಿದ ದಪ್ಪ ಸಂಪುಟ ತೆಗೆದರೂ ಒಂದೇ ಕಡಿತ. ಕೆಲವು ತಿಂಗಳು ತಾಳಿಕೊಂಡರೆ ಸಂಪುಟ ಬಂದೇ ಬರುತ್ತೆ. ಇವತ್ತೇ ಓದಬೇಕು ಅನ್ನೋರಿಗೆ ಅಂಗಡಿ ಇದ್ದೇ ಇದೆ. ಅಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲೂ ಮಕ್ಕಳಿಗೆ ಈ ಲೆಕ್ಕ ಹೇಳಿಕೊಡೋದು ಒಳ್ಳೆಯದು.

ಯಾಕೆ ಅಂದ್ರೆ ಈ ದುಡ್ಡು ನಿಂತರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆಗಳಿವೆ. ಇದೇ ಥರ ನೋಡಿದಷ್ಟಕ್ಕೆ ಬಿಲ್ ಹಾಕುವ ಸಿನಿಮಾ ಸೇವೆ ಕ್ಯಾನೊಪಿಯನ್ನು ನ್ಯೂಯಾರ್ಕ್ ನಗರದ ಮೂರೂ ಲೈಬ್ರರಿ ವ್ಯವಸ್ಥೆಗಳು 2019ರಲ್ಲಿ ಖರ್ಚು ತಡೆಯಲಾರದೆ ಕೈಬಿಟ್ಟವು. 2025ರ ಮಾರ್ಚ್‌ನಲ್ಲಿ ಲೈಬ್ರರಿಗಳಿಗೆ ಅನುದಾನ ಕೊಡುವ ಫೆಡರಲ್ ಸಂಸ್ಥೆಯನ್ನೇ ಕುಗ್ಗಿಸಲು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು. ರಾಜ್ಯಗಳು ಕೋರ್ಟಿಗೆ ಹೋದವು. ಆದರೆ ಅಷ್ಟರಲ್ಲಿ ಮಿಸಿಸಿಪ್ಪಿಯಲ್ಲಿ ರಾಜ್ಯ ಲೈಬ್ರರಿ ಆಯೋಗ ಹೂಪ್ಲಾ ಸೇವೆ ನಿಲ್ಲಿಸಿಬಿಟ್ಟಿತ್ತು. ಆದೇಶ ಆಗಿದ್ದು ವಾಷಿಂಗ್ಟನ್ನಿನಲ್ಲಿ, ಕತ್ತಲಾಗಿದ್ದು ಹಳ್ಳಿ ಹುಡುಗನ ಕೈಯಲ್ಲಿದ್ದ ಪರದೆ.

ನಮಗೇನು ಅಂತೀರಾ? 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಕರ್ನಾಟಕದಲ್ಲೂ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ತೆರಿಗೆ ರಸೀದಿ ತೆಗೆದು ಒಮ್ಮೆ ನೋಡಿ. ಅಲ್ಲಾಗಲಿ ಇಲ್ಲಾಗಲಿ, ಲೈಬ್ರರಿಯಲ್ಲಿ ಬಿಟ್ಟಿ ಅನ್ನೋದು ಯಾವುದೂ ಇಲ್ಲ. ದುಡ್ಡು ಮೊದಲೇ ಕಟ್ಟಿದ್ದೇವೆ. ಕಟ್ಟಿದ ಮೇಲೆ ಹೋಗಿ ಓದಬೇಕು, ಮುಚ್ಚುವ ಮಾತು ಬಂದರೆ ಯಾಕೆ ಅಂತ ಕೇಳಲೂಬೇಕು.